ಹಿಡಿದು ಬಿಡುವ ಮೀನು

ನಮ್ಮ ಮನೆಯವರು ಮೀನು ಹಿಡಿಯಲು ಸಮುದ್ರಕ್ಕೆ ಹೋಗುತ್ತಾರೆ ಎಂದರೆ ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಯಾರೂ ನಂಬುವುದಿಲ್ಲ. ನಂಬಿದವರು, ಹಿಡಿದದ್ದನ್ನು ತಿನ್ನದೆ ನೀರಿಗೇ ಬಿಟ್ಟು ಬರುತ್ತಾರೆ ಎಂಬುದನ್ನು ನಂಬುವುದಿಲ್ಲ. ಹಣೆ ತುಂಬ ವಿಭೂತಿ ಹಚ್ಚುವ, ಕೊರಳಲ್ಲಿ ಲಿಂಗ ಕಟ್ಟಿದ, ಮೊಟ್ಟೆ ಹಾಕಿದ ಕೇಕನ್ನು ಕೂಡ ಮುಟ್ಟದ ದನದ ಡಾಕ್ಟರು ವರ್ಷಕ್ಕೊಮ್ಮೆ ಅಂಡಮಾನಿಗೆ ಹೋಗಿ, ಮೊಣಕಾಲುದ್ದ ಉಪ್ಪುನೀರಿನಲ್ಲಿ ನಿಂತು ಗಾಳ ಬೀಸುತ್ತಾರೆ. ಹಿಂದೆ ಮರಳಿನ ಮೇಲೆ ಕೊಡೆ ಹಿಡಿದು ಕೂತವಳು ನಾನು. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಈ ಹುಚ್ಚು ಹತ್ತಿಸಿದವರು ಮೀನುಗಾರಿಕೆ ಇಲಾಖೆಯಲ್ಲಿದ್ದ ಅವರ ಗೆಳೆಯರೊಬ್ಬರು. ಸಿರುಗುಪ್ಪದಲ್ಲಿ ಇಬ್ಬರ ಕಚೇರಿಗೂ ಒಂದೇ ಕಾಂಪೌಂಡು. ಆ ಗೆಳೆಯರು ನಿವೃತ್ತರಾಗಿ ಊರು ಬಿಡುವಾಗ, ಬಾಗಿದರೆ ನೆಲ ಮುಟ್ಟುವಂಥ ಉದ್ದನೆಯ ಕೋಲೊಂದನ್ನು ಇವರ ಕೈಗಿತ್ತು ಹೋದರು. ಸಾಮಾನ್ಯ ಗಾಳಕ್ಕೆ ತುದಿಯಲ್ಲಿ ತೂಕವಿರುತ್ತದೆ, ಎಸೆದರೆ ಹೋಗಿ ಬೀಳುತ್ತದೆ. ಇದರಲ್ಲಿ ಹಾಗಲ್ಲ. ತೂಕವೆಲ್ಲ ದಾರಕ್ಕೇ. ತುದಿಯಲ್ಲಿರುವುದು ಎರೆಹುಳವೂ ಅಲ್ಲ, ಹಿಟ್ಟಿನುಂಡೆಯೂ ಅಲ್ಲ, ಕೊಕ್ಕೆಗೆ ಎಳೆಗಳನ್ನು ಸುತ್ತಿ ಮಾಡಿದ ಒಂದು ಸುಳ್ಳುಮೀನು. ಅದನ್ನು ಗಾಳಿಯಲ್ಲಿ ಹಿಂದಕ್ಕೂ ಮುಂದಕ್ಕೂ ಬೀಸಿ, ದಾರ ಪೂರ್ತಿ ಬಿಚ್ಚಿಕೊಂಡ ಮೇಲೆ, ನೀರಿನ ಮೇಲೆ ಸದ್ದಾಗದಂತೆ ಇಳಿಸಬೇಕು.

ನಾನು ಕೇಳಬೇಕಾದದ್ದನ್ನು ಮೊದಲ ದಿನವೇ ಕೇಳಿದೆ.

"ತಿನ್ನಾಕಲ್ಲ ಅಂದಮ್ಯಾಲೆ ಹಿಡಿಯೋದ್ಯಾಕ್ರಿ?"

"ನೋಡಾಕ."

"ನೋಡಾಕ ಅದರ ಬಾಯಾಗ ಕೊಕ್ಕಿ ಚುಚ್ಚಬೇಕೇನು?"

ಅವರು ಕೋಲು ಒರೆಸುತ್ತ ಕೂತರು. ಇವರು ಬಿಡುವ ಪೈಕಿ ಅಲ್ಲ ಎಂದು ಗೊತ್ತಾದಾಗ ದೇವರ ಜಗಲಿಯ ಮುಂದೆ ನಿಲ್ಲಿಸಿ ಒಂದು ಶರತ್ತು ಹಾಕಿದೆ. "ಹಿಡೀರಿ, ಬಿಡ್ರಿ, ಏನಾರ ಮಾಡ್ರಿ. ನಿಮ್ಮ ಕೈಯಾಗ ಒಂದ ಒಂದು ಮೀನ ಸತ್ತರೂ ಅವತ್ತಿಗೆ ಕಡೀ. ಕೋಲು ಮನಿಯಾಗ ಇರಬಾರದು." ಅವರು ಒಪ್ಪಿದರು. ಒಪ್ಪಿದ್ದಷ್ಟೇ ಅಲ್ಲ, ಅವತ್ತೇ ಕೂತು ಇದ್ದ ಕೊಕ್ಕೆಗಳ ಒಳಮುಳ್ಳನ್ನೆಲ್ಲ ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದರು. ಹಾಗೆ ಮಾಡಿದರೆ ಕೊಕ್ಕೆ ಬಾಯಿಂದ ಸಲೀಸಾಗಿ ಜಾರಿ ಬರುತ್ತದಂತೆ. ಅರ್ಧಕ್ಕರ್ಧ ಮೀನು ತಾವೇ ತಪ್ಪಿಸಿಕೊಂಡು ಹೋಗುತ್ತವಂತೆ. ಹೋಗಲಿ, ನನಗೇನು ನಷ್ಟ ಎಂದುಕೊಂಡೆ.

ನಾನು ಕುರುಗೋಡಿನವಳು. ಬಸ್ಸಿನಲ್ಲಿ ಪಕ್ಕಕ್ಕೆ ಮೀನಿನ ಬುಟ್ಟಿ ಬಂದರೆ ನಮ್ಮವ್ವ ಸೀಟು ಬಿಟ್ಟೆದ್ದು ಬಳ್ಳಾರಿಯವರೆಗೂ ನಿಂತೇ ಬರುತ್ತಿದ್ದಳು. ನಾನು ಅಷ್ಟು ಕಟ್ಟುನಿಟ್ಟಿನವಳಲ್ಲ, ಪೋಸ್ಟ್ ಆಫೀಸಿನ ಕೌಂಟರಿನಲ್ಲಿ ಕೂತು ಎಲ್ಲ ಥರದ ಬುಟ್ಟಿಗಳನ್ನೂ ನೋಡಿದವಳು. ಆದರೂ ಮೀನನ್ನು ಮುಟ್ಟಿರಲಿಲ್ಲ. ಮುಟ್ಟುವ ಪ್ರಸಂಗವೇ ಬಂದಿರಲಿಲ್ಲ, ಬರಬಾರದು ಎಂದೂ ಇತ್ತು.

ಸುಳ್ಳುಮೀನು ಮಾಡಲು ಅವರು ಮೊದಲು ಕೋಳಿಪುಕ್ಕ ತಂದರು. ಮನೆಯೊಳಗೆ ಬಿಡಲಿಲ್ಲ. ಮಾಳಿಗೆಯ ಮೇಲೆ ಬಿಸ್ಕೀಟಿನ ಡಬ್ಬದಲ್ಲಿಟ್ಟುಕೊಂಡು ಕಳ್ಳನ ಹಾಗೆ ಕಟ್ಟುತ್ತಿದ್ದರು. ಒಂದು ಸಂಜೆ ನೋಡಲು ಹೋದರೆ, ಹೆರಿಗೆ ಮಾಡಿಸಿ ಮಾಡಿಸಿ ಪಳಗಿದ ಕೈಯಿಂದ ಎಮ್ಮೆಗೆ ಹಗ್ಗ ಬಿಗಿದಂತೆ ಬಿಗಿಯುತ್ತಿದ್ದಾರೆ. ನೋಡಿ ಸುಮ್ಮನಿರಲಾಗಲಿಲ್ಲ. "ಸರೀರಿ ಅತ್ಲಾಗ" ಎಂದು ಪುಕ್ಕವನ್ನೆಲ್ಲ ಬಿಸಾಡಿಸಿ, ನಮ್ಮ ಓಣಿಯ ಜೀನ್ಸ್ ಹೊಲಿಯುವವರಿಂದ ಗಟ್ಟಿ ದಾರ ತಂದೆ. ಮೈಗೆ ಮೊಮ್ಮಗಳ ಹಳೇ ಗೊಂಬೆಯ ನೈಲಾನ್ ಕೂದಲು. ಮಿಂಚಿಗೆ ನನ್ನ ಧಾರೆಸೀರೆಯ ಜರಿ. ಮಡಿಕೆಯಲ್ಲೇ ಹರಿದು ಎಷ್ಟೋ ವರ್ಷವಾಗಿತ್ತು, ಕೊಡಲು ಮನಸ್ಸಾಗದೆ ಇಟ್ಟಿದ್ದೆ. ಕಟ್ಟುವುದಕ್ಕೆ ಬೇರೆ ವಿದ್ಯೆ ಬೇಕಾಗಲಿಲ್ಲ. ಕುರುಗೋಡಿನ ಕಟ್ಟೆಯ ಮೇಲೆ ಕೂತು ಅವ್ವನ ಜೊತೆ ಬಾಳೆನಾರಿನಲ್ಲಿ ಮೊಳಗಟ್ಟಲೆ ಮಲ್ಲಿಗೆ ಕಟ್ಟಿದ ಬೆರಳುಗಳಿವು. ಎರಡು ಬೆರಳ ನಡುವೆ ತೊಟ್ಟು ಹಿಡಿದು, ಸುತ್ತಿ, ಕುಣಿಕೆ ಜಾರಿಸಿ, ಎಳೆಯುವುದು. ಹೂವು ನಲುಗಬಾರದು, ಬೀಳಲೂಬಾರದು. ನಾನು ಕಟ್ಟಿದ ಸುಳ್ಳುಮೀನು ಅವರು ಕಟ್ಟಿದ್ದಕ್ಕಿಂತ ಚೆನ್ನಾಗಿತ್ತು. ಇದನ್ನು ನಾನೇ ಹೇಳಿಕೊಳ್ಳಬಾರದು, ಆದರೆ ಅವರು ಹೇಳುವವರಲ್ಲ.

ಬೀಸುವ ಅಭ್ಯಾಸವೂ ಮಾಳಿಗೆಯ ಮೇಲೇ ನಡೆಯುತ್ತಿತ್ತು. ಪಕ್ಕದ ಮನೆಯವರು ಒಣಹಾಕಿದ ಸಂಡಿಗೆಯ ಬಟ್ಟೆಗೆ ಕೊಕ್ಕೆ ಸಿಕ್ಕಿ, ಸಂಡಿಗೆಯ ಸಮೇತ ನಮ್ಮ ಮಾಳಿಗೆಗೆ ಬಂತು. ಆ ಮನೆಯಾಕೆ ಬಾಯಿ ಮಾಡಿದ್ದು ಇಡೀ ಓಣಿಗೆ ಕೇಳಿಸಿತು. ಅಂದಿನಿಂದ ಅಭ್ಯಾಸ ಸಿರುಗುಪ್ಪಕ್ಕೆ, ಅವರ ಅಣ್ಣನ ಗದ್ದೆಗೆ ವರ್ಗವಾಯಿತು. ಭತ್ತ ಕೊಯ್ದ ಬಯಲಿನಲ್ಲಿ ಬೆಳ್ಳಕ್ಕಿಗಳ ನಡುವೆ ನಿಂತು ಇವರು ಗಾಳ ಬೀಸಿದರೆ, ಕಾಲುವೆ ಏರಿಯ ಮೇಲೆ ಹೋಗುವವರು ಸೈಕಲ್ ನಿಲ್ಲಿಸಿ ನೋಡುತ್ತಿದ್ದರು.

"ಡಾಕ್ಟ್ರ, ನೀರು ಈ ಕಡಿ ಐತ್ರಿ!" ಎಂದು ಒಬ್ಬ ಕೂಗಿದ.

"ಗೊತ್ತೈತಿ ಹೋಗಲೇ!" ಎಂದರು ಇವರು, ಬೀಸುವುದನ್ನು ನಿಲ್ಲಿಸದೆ.

ಅಂಡಮಾನಿನಲ್ಲಿ ಪ್ರತಿ ಸಲವೂ ಒಬ್ಬನೇ ದೋಣಿಯವನು. ಅವನ ಅಜ್ಜನ ಕಾಲಕ್ಕೆ ಶ್ರೀಕಾಕುಳದ ಕಡೆಯಿಂದ ಹೋಗಿ ನೆಲೆಸಿದವರು, ಮನೆಯಲ್ಲಿ ತೆಲುಗು. ಬಳ್ಳಾರಿಯವರಿಗೆ ತೆಲುಗು ಬರದಿದ್ದರೆ ಸಂತೆಯೂ ಆಗುವುದಿಲ್ಲ, ಹಾಗಾಗಿ ನಮಗೆ ಅಲ್ಲಿ ಪರಸ್ಥಳ ಅನ್ನಿಸಲೇ ಇಲ್ಲ. ಮೊದಲ ವರ್ಷ ನಮ್ಮ ಕಟಕ್ ರೊಟ್ಟಿ, ಶೇಂಗಾ ಚಟ್ನಿ ನೋಡಿ ಅವನು ಬೆರಗಾಗಿದ್ದ.

"ಅಮ್ಮಾ, ಇಂತ ದೂರಂ ವಚ್ಚಿ ಚೇಪ ತಿನರಾ?"

ಇಷ್ಟು ದೂರ ಬಂದೂ ಮೀನು ತಿನ್ನುವುದಿಲ್ಲವೇ ಎಂದು ಅವನ ಸಂಕಟ. ನಾನು ಅವನ ಕೈಗೂ ಒಂದು ರೊಟ್ಟಿ ಇಟ್ಟೆ. ಮರುವರ್ಷದಿಂದ ಅವನ ಪಾಲಿನ ರೊಟ್ಟಿಯನ್ನು ಬೇರೆಯೇ ಕಟ್ಟಿಕೊಂಡು ಹೋಗುವುದು ರೂಢಿಯಾಯಿತು.

ನಾನು ಆ ನೀರನ್ನು ಇಷ್ಟಪಡತೊಡಗಿದ್ದು ಯಾವಾಗ ಎಂದು ಹೇಳಲಾರೆ. ಬೆಚ್ಚಗಿನ ನೀರು. ಬಳ್ಳಾರಿಯಲ್ಲಿ ಮಧ್ಯಾಹ್ನ ತೊಟ್ಟಿಯ ನಲ್ಲಿ ತಿರುಗಿಸಿದರೆ ಬರುವಷ್ಟು ಬೆಚ್ಚಗೆ. ತಳದ ಬಿಳಿ ಮರಳು, ಅದರ ಮೇಲೆ ಓಡಾಡುವ ನೆರಳು. ಇವರು ನೋಡುವುದು ಮೀನನ್ನಲ್ಲ, ಆ ನೆರಳನ್ನು. ಗಂಟೆಗಟ್ಟಲೆ ಹಾಗೆ ನಿಲ್ಲುತ್ತಾರೆ. ಮನೆಯಲ್ಲಿ ಟೀ ತಡವಾದರೆ ಎರಡು ಸಲ ಅಡುಗೆಮನೆಗೆ ಇಣುಕುವ ಮನುಷ್ಯ. ಸಿಕ್ಕ ದಿನ ಕೈ ತೊಯಿಸಿಕೊಂಡು, ಮೀನನ್ನು ನೀರಿನಿಂದ ಎತ್ತದೆ, ಕೊಕ್ಕೆ ಬಿಡಿಸಿ, ಹರಿವಿಗೆ ಮುಖ ಮಾಡಿ ಹಿಡಿದು ಕಾಯುತ್ತಾರೆ. ಅದು ತಾನಾಗಿ ಹೋಗುವವರೆಗೂ ಬಿಡುವುದಿಲ್ಲ. ಹೊಸ ಕರು ಎದ್ದು ನಿಲ್ಲುವವರೆಗೆ ಕೊಟ್ಟಿಗೆಯಿಂದ ಬರುತ್ತಿರಲಿಲ್ಲವಲ್ಲ, ಹಾಗೆಯೇ.

ಅವರ ಕೈ ನಡುಗತೊಡಗಿದ್ದು ಮೋಕ ಎಂಬ ಹಳ್ಳಿಯಲ್ಲಿ ಗೊತ್ತಾಯಿತು. ನಿವೃತ್ತಿಯಾದ ಮೇಲೂ ಆ ಕಡೆಯ ರೈತರು ಕರೆಯುತ್ತಿದ್ದರು. ಎಮ್ಮೆ ಕರು ಹಾಕಲಾರದೆ ಒದ್ದಾಡುತ್ತಿತ್ತಂತೆ. ಮನೆಗೆ ಬಂದವರು ಕೈಕಾಲು ತೊಳೆದು ಕೂತರು. ಊಟಕ್ಕೆ ಕರೆದರೆ ಬರಲಿಲ್ಲ.

"ಎಮ್ಮಿಗೇನಾತ್ರಿ?"

"ಎಮ್ಮಿ ಆರಾಮೈತಿ. ಬ್ಯಾರೆ ಡಾಕ್ಟ್ರನ್ನ ಕರಸಿದ್ನಿ. ನನ್ನ ಕೈ ನನ್ನ ಮಾತ ಕೇಳವಲ್ದು."

ಬಳ್ಳಾರಿಯ ನರರೋಗದ ಡಾಕ್ಟರು ನಡೆಸಿ ನೋಡಿ, ಬೆರಳು ಆಡಿಸಿ ನೋಡಿ, ಪಾರ್ಕಿನ್ಸನ್ ಎಂದರು. ಗುಳಿಗೆಯಿಂದ ಹತೋಟಿಯಲ್ಲಿರುತ್ತದೆ, ವಾಸಿಯಾಗುವುದಿಲ್ಲ. ಕೈ ಸುಮ್ಮನಿದ್ದಾಗ ಹೆಚ್ಚು ನಡುಗುತ್ತದೆ, ಕೆಲಸಕ್ಕಿಳಿದರೆ ಅಷ್ಟಿಲ್ಲ, ದಣಿದರೆ ಮತ್ತೆ ಜೋರು. ಬೀಸುವುದಕ್ಕೆ ತೊಂದರೆ ಇರಲಿಲ್ಲ. ಸಣ್ಣ ಕೆಲಸಗಳು ಹೋದವು. ಅಂಗಿಯ ಗುಂಡಿ, ಮಾತ್ರೆಯ ಹಾಳೆ, ಕೊಕ್ಕೆಗೆ ಹಾಕುವ ಗಂಟು. ಗುಂಡಿಯೂ ಗಂಟೂ ನನ್ನ ಪಾಲಿಗೆ ಬಂದವು.

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಅವರೇ ಮಾತು ತೆಗೆದರು. "ಒಂದ ಸಲ ಹೋಗಿ ಬರೋಣು. ಒಂದ ಮೀನ ನನ್ನ ಕೈಲೆ ಹಿಡದು, ನನ್ನ ಕೈಲೆ ಬಿಡತೀನಿ. ಆತಂದ್ರ ಆತು. ಆಗಲಿಲ್ಲಂದ್ರ ಕೋಲು ಯಾರಿಗಾರ ಕೊಟ್ಟು ಬಿಡೋಣು."

ಇಷ್ಟು ವರ್ಷ ಆ ಕೋಲು ಮನೆಯಿಂದ ಹೋದರೆ ಸಾಕು ಎಂದು ಗೊಣಗಿದವಳು ನಾನೇ. ಕೊಟ್ಟು ಬಿಡೋಣ ಎಂದದ್ದು ಮಾತ್ರ ನನಗೆ ಸೇರಲಿಲ್ಲ. "ಮೊದಲ ಗುಳಿಗಿ ತಗೋರಿ" ಎಂದು ಬೈದು ಅಡುಗೆಮನೆಗೆ ಹೋದೆ.

ಹೋದೆವು. ಮೊದಲ ದಿನಗಳು ಗಾಳಿಗೆ ಹೋದವು. ಗಾಳಿ ಎದ್ದರೆ ನೀರು ಕದಡಿ ನೆರಳು ಕಾಣುವುದಿಲ್ಲ. ದೋಣಿಯವನು ಇವರ ಕೈ ನೋಡಿ, ತಾನೇ ಕೋಲು ಇಸಿದುಕೊಂಡು ದೋಣಿಯಲ್ಲಿಟ್ಟ. ಕೊನೆಯ ದಿನ ಬೆಳಿಗ್ಗೆ ಗಾಳಿ ಬಿತ್ತು. ನೀರು ಏರುತ್ತಿತ್ತು. ಅವನು ನಮ್ಮನ್ನು ಮರಳಿನ ದಿಬ್ಬದ ಮೇಲೆ ಇಳಿಸಿ, ಹರಿವಿಗೆ ದೋಣಿ ಜಾರದಂತೆ ಅದರಲ್ಲೇ ನಿಂತ. ಇವರು ಪಾದ ಎತ್ತದೆ ಸರಿಸುತ್ತ ನೀರಿಗೆ ಇಳಿದರು. ಮರಳಿನಲ್ಲಿ ಮುಳ್ಳುಬಾಲದ ಮೀನು ಹುದುಗಿರುತ್ತವೆ, ಕಾಲು ಎತ್ತಿ ಇಡುವಂತಿಲ್ಲ. ನಾನು ಕೊಡೆ ಬಿಚ್ಚಿ ಕೂತೆ.

ಬಿಸಿಲು ನೆತ್ತಿಗೇರುವ ಹೊತ್ತಿಗೆ ಅವರು ನಿಂತ ಭಂಗಿ ಬದಲಾಯಿತು. ನೆರಳು ಕಂಡಿದೆ ಎಂದು ನನಗೆ ತಿಳಿಯಿತು. ದಾರ ಹಿಂದಕ್ಕೆ ಹೋಯಿತು, ಮುಂದಕ್ಕೆ ಹೋಯಿತು, ಇಳಿಯಿತು. ಎಡಗೈಯಿಂದ ತುಸು ತುಸು ಎಳೆದರು. ಕೋಲು ಬಾಗಿತು. ರೀಲು ಕಿರುಚಿಕೊಂಡು ದಾರ ಓಡಿದ ರಭಸಕ್ಕೆ ನಾನು ಕೊಡೆ ಬಿಟ್ಟು ಎದ್ದೆ.

ಮುಂಚೆ ಆಗಿದ್ದರೆ ಬೇಗ ಎಳೆದುಕೊಳ್ಳುತ್ತಿದ್ದರು. ಅವತ್ತು ರೀಲಿನ ಹಿಡಿ ಮತ್ತೆ ಮತ್ತೆ ಬೆರಳಿಗೆ ತಪ್ಪುತ್ತಿತ್ತು. ಮೀನು ಓಡಿತು, ಬಂತು, ಮತ್ತೆ ಓಡಿತು. ಹೊತ್ತಾದಷ್ಟೂ ಮೀನು ಸೋಲುತ್ತದೆ ಎಂದು ಅವರೇ ನನಗೆ ಹೇಳಿಕೊಟ್ಟಿದ್ದು. ಕಾಲ ಬಳಿಗೆ ಬಂದಾಗ ಅದು ಪಕ್ಕಕ್ಕೆ ವಾಲಿತ್ತು. ರೆಕ್ಕೆಗಳು ನೀಲಿ, ಮೈಮೇಲೆ ನೀಲಿ ಚುಕ್ಕೆ, ಬಿಳಿಯ ಹೊಟ್ಟೆ ಮೇಲೆ ಕಾಣುತ್ತಿತ್ತು.

ಕೋಲನ್ನು ಕಂಕುಳಿಗೆ ಸಿಕ್ಕಿಸಿ ಅವರು ಬಗ್ಗಿದರು. ದಣಿದ ಕೈ ಎಷ್ಟು ನಡುಗುತ್ತಿತ್ತೆಂದರೆ ಸುತ್ತಲಿನ ನೀರಿನಲ್ಲಿ ಅಲೆ ಏಳುತ್ತಿತ್ತು. ಕೊಕ್ಕೆಗೆ ಬೆರಳು ಹೋಗುತ್ತದೆ, ಜಾರುತ್ತದೆ. ಇನ್ನೊಂದು ಕೈಯಲ್ಲಿ ಮೀನನ್ನು ನೆಟ್ಟಗೆ ಹಿಡಿಯಬೇಕು, ಅದೂ ಜಾರುತ್ತದೆ. ಒಮ್ಮೆ, ಇನ್ನೊಮ್ಮೆ, ಮತ್ತೊಮ್ಮೆ. ಆಮೇಲೆ ನನ್ನ ಕಡೆ ತಿರುಗಿದರು.

ನನ್ನ ಶರತ್ತು ನನಗೆ ನೆನಪಿತ್ತು. ಈ ಮೀನು ಸತ್ತರೆ ಎಲ್ಲ ಮುಗಿಯುತ್ತದೆ. ನೀರಿನಲ್ಲಿ ಜಾರಿಬಿದ್ದಾರೆಂಬ ಭಯವಿಲ್ಲ, ವಿಮಾನವಿಲ್ಲ, ದೋಣಿಯಿಲ್ಲ. ನಾನು ಸುಮ್ಮನೆ ನಿಂತಿದ್ದರೆ ಸಾಕಿತ್ತು. ಆದರೆ ಆ ಮುಖ ನೋಡಿಕೊಂಡು ನಿಲ್ಲಲು ಆಗಲಿಲ್ಲ. ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಪಾದ ಸರಿಸುತ್ತ ಹೋದೆ.

"ಮೊದಲ ಕೈ ತೊಯಿಸ್ಕೋ" ಎಂದರು.

ತೊಯಿಸಿಕೊಂಡೆ. ದೋಣಿಯಿಂದ ಅವನು ಕೂಗುತ್ತಿದ್ದ. "ತೋಕ ಪಟ್ಟುಕೋಂಡಿ ಅಮ್ಮಾ! ತೋಕ!" ಬಾಲ ಹಿಡಿಯಲು ಹೇಳುತ್ತಿದ್ದ. ಬಾಲದ ಬುಡ ಒರಟಾಗಿತ್ತು, ಹಿಡಿಯಲು ಸಿಕ್ಕಿತು. ಅಸಹ್ಯವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಮೀನು ತಣ್ಣಗಿರುತ್ತದೆ ಎಂದುಕೊಂಡಿದ್ದೆ, ಅದೂ ಇಲ್ಲ, ಆ ನೀರಿನಷ್ಟೇ ಬೆಚ್ಚಗಿತ್ತು. ಬಾಯಿಯ ಮೂಲೆಯಲ್ಲಿ ನಾನು ಕಟ್ಟಿದ ಸುಳ್ಳುಮೀನು, ಅದರಲ್ಲಿ ನನ್ನ ಧಾರೆಸೀರೆಯ ಜರಿ. ಎರಡು ಬೆರಳಿನಲ್ಲಿ ಕೊಕ್ಕೆ ಹಿಡಿದು ಬಂದ ದಾರಿಗೇ ತಿರುಗಿಸಿದೆ. ಬಂತು.

"ಹರಿವಿಗೆ ಮುಖ ಮಾಡು. ಬಿಡಬ್ಯಾಡ. ತಾನ ಹೋಗತೈತಿ."

ಕೆಳಗಿನಿಂದ ಹೊಟ್ಟೆಗೆ ಅಂಗೈ ಕೊಟ್ಟು ಹಿಡಿದೆ. ಕಿವಿರು ಮುಚ್ಚಿತ್ತು. ಸತ್ತಿತೋ ಎನಿಸಿತು. ಹೋಗು, ನಿನ್ನ ಕಾಲಿಗೆ ಬೀಳುತ್ತೇನೆ ಹೋಗು ಎಂದು ಬಾಯಿಬಿಟ್ಟೇ ಹೇಳಿದೆ, ಮೀನಿಗೆಲ್ಲಿಯ ಕಾಲು. ಅವರು ಕೋಲನ್ನು ನೀರಿಗೆ ಬಿಟ್ಟು ನನ್ನ ಕೈಯ ಮೇಲೆ ತಮ್ಮ ಕೈ ಇಟ್ಟರು. ಕಿವಿರು ಒಮ್ಮೆ ತೆರೆಯಿತು. ಮುಚ್ಚಿತು. ತೆರೆಯಿತು. ಅಂಗೈಯಲ್ಲಿ ನಡುಕ ಶುರುವಾಯಿತು. ಮೀನಿನದೋ ಅವರದೋ ನನಗೆ ತಿಳಿಯಲಿಲ್ಲ. ಎರಡೂ ಸೇರಿ ಒಂದೇ ಆಗಿತ್ತು.

ಆಮೇಲೆ ಬಾಲ ಬೀಸಿ, ಮುಖಕ್ಕೆ ನೀರೆರಚಿ ಅದು ಹೋಯಿತು. ನೆರಳು ಮರಳಿನ ಮೇಲೆ ದೂರದವರೆಗೂ ಕಂಡಿತು. ನನ್ನ ಕೈಯಲ್ಲಿ ನಡುಕ ಹಾಗೆಯೇ ಉಳಿದಿತ್ತು. ಅವರ ಕೈಯನ್ನು ನಾನು ಹಿಡಿದುಕೊಂಡಿದ್ದೆ.

"ಮೀನ ಹೋತಲ್ಲ" ಎಂದರು ಅವರು. "ಕೈ ಬಿಡಿನ್ನ."

"ಗೊತ್ತೈತ್ರಿ" ಎಂದೆ. ಬಿಡಲಿಲ್ಲ.