ಶಾಂತಿಗೆ ಕೊಟ್ಟ ಕ್ಯಾನು

ಬೊಮ್ಮಸಂದ್ರದ ಆ ಸ್ಟೀಲ್ ಕಾರ್ಖಾನೆ ನಿಂತಿರುವ ಜಾಗದಲ್ಲೇ ಹಿಂದೆ ರಾಮಮ್ಮನ ಅಪ್ಪ ರಾಗಿ ಬೆಳೆಯುತ್ತಿದ್ದ. ಉಳಿದ ಜಾಗದಲ್ಲಿ ಅಣ್ಣತಮ್ಮಂದಿರು ಬಾಡಿಗೆ ಮನೆ ಎಬ್ಬಿಸಿ ಯಜಮಾನರಾದರು. ಹೆಣ್ಣುಮಗಳ ಪಾಲಿಗೆ ಬಂದಿದ್ದು ಅರಿಶಿನ ಕುಂಕುಮ. ಅದೂ ಗಂಡನ ಜೊತೆಗೇ ಹೋಯಿತು. ಹತ್ತೊಂಬತ್ತು ವರ್ಷದಿಂದ ಅವಳು ಅಪ್ಪ ಉತ್ತ ನೆಲವನ್ನು ಗುಡಿಸುತ್ತಿದ್ದಳು.

ಅಲ್ಲಿ ಸ್ಟೀಲ್ ಸಾಮಾನನ್ನು ಆಸಿಡ್ಡಿನಲ್ಲಿ ತೊಳೆದು, ಒಣಗಿಸಿ, ಸ್ಪಿರಿಟ್ಟಿನಲ್ಲಿ ಒರೆಸಿ ಕಳಿಸುತ್ತಾರೆ. ಯಾವ ಕ್ಯಾನಿನಲ್ಲಿ ಏನಿದೆಯೆಂದು ರಾಮಮ್ಮ ವಾಸನೆಯಲ್ಲೇ ಹೇಳುತ್ತಿದ್ದಳು. ಹೊಸದಾಗಿ ಸೇರಿದವರು ಅವಳನ್ನು ಕೇಳಿಯೇ ಕೈಯಿಡುತ್ತಿದ್ದರು. ಅವಳಿಗೆ ಅದರದೇ ಒಂದು ಜಂಬ.

ಶಾಂತಿ ಸೇರಿದ್ದು ಯುಗಾದಿ ಕಳೆದ ಮೇಲೆ. ಇಪ್ಪತ್ತಾರರ ಹೆಣ್ಣು, ಎಸ್ಸೆಸ್ಸೆಲ್ಸಿ ಪಾಸು, ಮಾತು ಕಡಿಮೆ. ಶೀಟಿನ ಮನೆಯಲ್ಲಿ ಬಾಡಿಗೆಗಿದ್ದಳು. ಟ್ಯಾಂಕರ್ ಬಂದಾಗ ನೀರು ಹಿಡಿದಿಡಲು ಒಂದು ದೊಡ್ಡ ಕ್ಯಾನು ಸಿಕ್ಕರೆ ಸಾಕಿತ್ತು ಎಂದಿದ್ದಳು. ಕಾರ್ಖಾನೆಯ ಖಾಲಿ ಕ್ಯಾನನ್ನು ತೊಳೆದು ನೀರಿಗೆ ಒಯ್ಯುವುದು ಅಲ್ಲಿಯ ಹೆಂಗಸರಿಗೆಲ್ಲ ರೂಢಿ. ಯಾರೂ ಬೇಡವೆಂದದ್ದಿಲ್ಲ.

ಆ ಗುರುವಾರ ಒಂದು ಸ್ಪಿರಿಟ್ ಕ್ಯಾನಿನ ತಳದಲ್ಲಿ ಸ್ವಲ್ಪ ಉಳಿದಿತ್ತು. ಮಾಲಿನ್ಯದ ಅಧಿಕಾರಿಗಳು ಬಂದುಹೋದ ಮೇಲೆ ಮೋರಿಗೆ ಏನನ್ನೂ ಚೆಲ್ಲಬಾರದೆಂದು ಸೂಪರ್‌ವೈಸರ್ ಪಂಚಾಕ್ಷರಿ ಕಟ್ಟಪ್ಪಣೆ ಮಾಡಿದ್ದ. ರಾಮಮ್ಮ ಅದನ್ನು ಪಕ್ಕದಲ್ಲಿದ್ದ, ಇನ್ನೂ ಆಸಿಡ್ಡು ಉಳಿದಿದ್ದ ಹಳೇ ಆಸಿಡ್ ಕ್ಯಾನಿಗೆ ಸುರಿದಳು. ಘಾಟು ಬಂದರೆ ಪಂಚಾಕ್ಷರಿ ಬೈಯುತ್ತಾನೆಂದು ಅದರ ಮುಚ್ಚಳವನ್ನೂ ಬಿಗಿಯಾಗಿ ತಿರುಗಿಸಿದಳು. ಖಾಲಿಯಾದ ಸ್ಪಿರಿಟ್ ಕ್ಯಾನನ್ನು ಶಾಂತಿಯ ಕೈಗಿಟ್ಟಳು.

"ತಗೋ ಕಣೆ, ನಿನ್ ಕ್ಯಾನು. ಎಂಟತ್ತು ನೀರು ತೊಳ್ಕೊ, ಏನೂ ಆಗಕ್ಕಿಲ್ಲ."

ಆಸಿಡ್ ಕ್ಯಾನು ಮುಕ್ಕಾಲು ಗಂಟೆ ಸುಮ್ಮನೇ ಇತ್ತು. ಸ್ಪಿರಿಟ್ಟೂ ಆ ಆಸಿಡ್ಡೂ ಸೇರಿದರೆ ಮೊದಮೊದಲು ಏನೂ ತೋರದು. ಒಳಗೊಳಗೇ ಕಾದು, ಗಾಳಿ ತುಂಬಿ, ಉಬ್ಬುತ್ತದೆ. ಇದನ್ನು ಹತ್ತೊಂಬತ್ತು ವರ್ಷದಲ್ಲಿ ರಾಮಮ್ಮನಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದ ಮೇಲಿನವರಿಗೆ ಗುಡಿಸುವವಳ ಹೆಸರೂ ಗೊತ್ತಿರಲಿಲ್ಲ. ಕ್ಯಾನು ಸಿಡಿದಾಗ ಶಾಂತಿ ಅದರ ಪಕ್ಕದಲ್ಲೇ ಕೂತು ಬಕೆಟ್ಟಿನ ಕೊನೆಯ ನೀರಿನಲ್ಲಿ ತನ್ನ ಕ್ಯಾನು ತೊಳೆಯುತ್ತಿದ್ದಳು. ಆಸಿಡ್ಡು ಅವಳ ಮುಖಕ್ಕೆ ಎರಚಿತು, ಕಂದು ಹೊಗೆ ಶೆಡ್ಡನ್ನೆಲ್ಲ ತುಂಬಿತು. ಹೆಂಗಸರು ಕೆಮ್ಮುತ್ತ ಅವಳನ್ನು ಎಳೆದು ತಂದು ನಲ್ಲಿ ತಿರುಗಿಸಿದರೆ ಬರೀ ಗಾಳಿ ಬಂತು. ಆಫೀಸಿನಿಂದ ಕುಡಿಯುವ ನೀರಿನ ಕ್ಯಾನು ಹೊತ್ತು ತಂದು ಮುಖಕ್ಕೆ ಹೊಯ್ಯುವಷ್ಟರಲ್ಲಿ ತಡವಾಗಿತ್ತು. ಬಲಗಣ್ಣು ಹೋಯಿತು. ಎಡಗಣ್ಣಿಗೆ ಬೆಳಕಿದೆಯೆಂದಷ್ಟೇ ತಿಳಿಯುತ್ತದೆ, ಅದೂ ನಿಲ್ಲುವುದು ಕಷ್ಟವೆಂದರು ಡಾಕ್ಟರು.

ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಇಲ್ಲಿ ಮಾಡಿದವಳು ಒಬ್ಬಳು, ಉಂಡವಳು ಇನ್ನೊಬ್ಬಳು.

ಮರುದಿನ ಪಂಚಾಕ್ಷರಿ ಕರೆಸಿ ಕೇಳಿದ. "ರಾಮಮ್ಮ, ಬೆರೆಸಿದ್ದು ಯಾರು?"

ಅವನೇ ಬರೆದಿಟ್ಟ ಕಾಗದವನ್ನು ಅವಳ ಮುಂದೆ ಸರಿಸಿದ.

"ಶಾಂತಿ ತಾನೇ? ಹೊಸಬಳು, ತಿಳೀದೆ ಮಾಡಿದಾಳೆ. ಬರ್ಕೊಂಡಿದೀನಿ. ಸಾಕ್ಷಿ ಅಂತ ನೀನೊಂದು ಸೈನ್ ಹಾಕು."

ರಾಮಮ್ಮ ಸಹಿ ಹಾಕಿದಳು. ಹೆದರಿಕೆಗೆ ಹಾಕಿದಳು, ಬೇರೆ ಯಾವ ಕಾರಣವೂ ಇಲ್ಲ. ಆಮೇಲೆ ನಾಲ್ಕು ದಿನ ಎಂದಿನಂತೆ ಶೆಡ್ಡು ಗುಡಿಸಿದಳು. ಐದನೆಯ ದಿನ, ಎಲ್ಲವನ್ನೂ ಹೇಳಿಬಿಡಬೇಕು, ಬೈಸಿಕೊಳ್ಳಬೇಕು, ಉಗಿಸಿಕೊಳ್ಳಬೇಕು ಎಂದುಕೊಂಡು ಆಸ್ಪತ್ರೆಗೆ ಹೋದಳು.

ಶಾಂತಿಯ ಮುಖಕ್ಕೆಲ್ಲ ಪಟ್ಟಿ ಸುತ್ತಿತ್ತು. ರಾಮಮ್ಮ ಮಂಚದ ಅಂಚಿನಲ್ಲಿ ಕೂತು, "ಅದು ನಾನು ಕಣೆ ಸುರಿದಿದ್ದು," ಎಂದಳು.

"ಗೊತ್ತಕ್ಕ. ನೋಡ್ತಿದ್ದೆ." ಶಾಂತಿಯ ದನಿ ಸಣ್ಣಗಿತ್ತು. "ಕ್ಯಾನ್ ಮೇಲೆ ಏನೋ ಬರೆದಿತ್ತು, ಬೆರೆಸ್ಬಾರ್ದು ಅಂತ. ನಿಮಗಿಂತ ನನಗೆ ಗೊತ್ತಾ ಅಂತ ಸುಮ್ನಾದೆ."

"ಪಂಚಾಕ್ಷರಿ ತಾವ ಓಗಿ ನಿಜ ಯೋಳ್ತೀನಿ. ಈಗ್ಲೇ ಓಯ್ತೀನಿ."

"ಬೇಡಕ್ಕ. ನಿನ್ನೆ ಅವರೇ ಬಂದಿದ್ರು. ನಾನೇ ಬೆರೆಸಿದ್ದು ಅಂತ ಬರ್ದಿದ್ದನ್ನ ಓದಿದ್ರು. ನಾನಲ್ಲ ಸಾರ್ ಅಂದೆ. ಕೆಳಗೆ ರಾಮಮ್ಮನ ಸೈನ್ ಐತೆ ಅಂದ್ರು. ನೀವೇ ಹಾಕಿದ್ಮೇಲೆ ಇನ್ನೇನು ಅಂತ ನಾನೂ ಒಪ್ಕೊಂಡೆ. ಸೈನ್ ಹಾಕಕ್ಕೆ ಕಾಣಲ್ವಲ್ಲ, ಹೆಬ್ಬೆಟ್ಟು ಒತ್ತಿಸ್ಕೊಂಡ್ರು."

ಹೊದಿಕೆಯ ಮೇಲಿದ್ದ ಅವಳ ಎಡಗೈ ಹೆಬ್ಬೆರಳಿನಲ್ಲಿ ನೀಲಿ ಮಸಿ ಇನ್ನೂ ಇತ್ತು. ರಾಮಮ್ಮ ಸೆರಗಿನ ತುದಿಯನ್ನು ನೀರಿನಲ್ಲಿ ಅದ್ದಿ ಅದನ್ನು ಉಜ್ಜತೊಡಗಿದಳು. ಎಷ್ಟು ಉಜ್ಜಿದರೂ ಅದು ಹೋಗಲಿಲ್ಲ.