ರಾಡಿನ ಬದಿಯ ತೂತು

ಆ ತೂತನ್ನು ಕೊರೆದವಳು ನಾನು. ಅಪ್ಪನಲ್ಲ. ‘ನೀನ ಕೊರದಿ’ ಎಂದು ಅವನ ಮುಖ ನೋಡಿ ಹೇಳಿದವಳೂ ನಾನೇ. ಮೊದಲನೆಯದನ್ನು ತಪ್ಪು ಎನ್ನಬಹುದು. ಎರಡನೆಯದಕ್ಕೆ ಏನನ್ನಬೇಕೋ — ಇಷ್ಟು ವರ್ಷವಾದರೂ ನನಗೆ ತಿಳಿದಿಲ್ಲ.

ಶಿಗ್ಗಾಂವಿಯಲ್ಲಿ, ಸವಣೂರು ರಸ್ತೆಗೆ, ನಮ್ಮದೊಂದು ಲೇಥ್ ಅಂಗಡಿ. ಅಪ್ಪ ಫಕ್ಕೀರಪ್ಪ ಕಟ್ಟಿದ್ದು. ಟ್ರ್ಯಾಕ್ಟರಿನ ಪಿನ್ನು, ಪಂಪಿನ ಶಾಫ್ಟು ಹೊಟ್ಟೆಪಾಡಿಗೆ. ಅಪ್ಪನ ಹೆಸರು ಹಾನಗಲ್ಲು, ಹಿರೇಕೆರೂರಿನವರೆಗೆ ಹಬ್ಬಿದ್ದು ಮಾತ್ರ ಮೋಟಾರ್‌ಸೈಕಲ್ಲಿನ ಕ್ರ್ಯಾಂಕಿನಿಂದ. ಎಂಜಿನ್ನಿನ ಒಳಗೆ, ಪಿಸ್ಟನ್ನಿನ ಏರಿಳಿತವನ್ನು ತಿರುಗಾಟ ಮಾಡುವ ಭಾರದ ಚಕ್ರ ಅದು. ಲೇಥಿನಲ್ಲಿ ಸವರಿ ಹಗುರ ಮಾಡಿದರೆ ಗಾಡಿ ಚಿಗರೆಯಂತೆ ಜಿಗಿಯುತ್ತದೆ. ಹಗುರ ಮಾಡುವುದು ಯಾರಿಗಾದರೂ ಬಂದೀತು, ಆಮೇಲೆ ಅದನ್ನು ಸಮತೂಕಕ್ಕೆ ತರುವುದೇ ವಿದ್ಯೆ. ಅಪ್ಪ ಎರಡು ಉಕ್ಕಿನ ಪಟ್ಟಿಗಳನ್ನು ರಸಮಟ್ಟ ನೋಡಿ ಕೂರಿಸಿ, ಮೇಲೆ ಕ್ರ್ಯಾಂಕ್ ಇಟ್ಟು, ಅದನ್ನು ಪಿಸ್ಟನ್ನಿಗೆ ಜೋಡಿಸುವ ರಾಡಿನ ತುದಿಗೆ ಆ ಗಾಡಿಯ ಪಿಸ್ಟನ್ನಿನ ತೂಕದ ಲೆಕ್ಕಕ್ಕೆ ಮಾಡಿದ ಒಂದು ಗುಂಡನ್ನು ತೂಗುಬಿಡುತ್ತಿದ್ದ. ಭಾರದ ಬದಿ ತಾನಾಗಿ ಕೆಳಕ್ಕೆ ಉರುಳುತ್ತದೆ. ಆ ಬದಿಗೆ ಚೂರು ಚೂರೇ ಕೊರೆಯಬೇಕು, ಹೇಗೆ ಇಟ್ಟರೂ ಕ್ರ್ಯಾಂಕ್ ಇಟ್ಟಲ್ಲೇ ನಿಲ್ಲುವ ತನಕ.

ನನ್ನ ಸಂಸಾರ ಮುರಿದು ತವರಿಗೆ ಬಂದಾಗ ಅಪ್ಪ ನನ್ನನ್ನು ಅಡಿಗೆಮನೆಗೆ ಕಳಿಸಲಿಲ್ಲ, ಲೇಥಿನ ಮುಂದೆ ನಿಲ್ಲಿಸಿದ. ಓಣಿಯವರು ಆಡಿಕೊಂಡರು. ‘ಮುಂದ ನಿಂತವರು ಗಂಡಸೋ ಹೆಂಗಸೋ ಲೇಥಿಗೇನ ಗೊತ್ತು?’ ಎಂದು ಅಪ್ಪ ನಕ್ಕುಬಿಟ್ಟ. ಕ್ರ್ಯಾಂಕಿನ ಕೆಲಸವನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ. ಅಂಥವನಿಗೇ ನಾನು ಹೀಗೆ ಮಾಡಿದ್ದು.

ಅಪ್ಪನಿಗೆ ಕಣ್ಣಿನ ಪೊರೆಯ ಆಪರೇಷನ್ ಆದ ಮೇಲೆ, ಒಂದು ದಿನ ಅವನು ಮುಗಿಸಿಟ್ಟ ಕ್ರ್ಯಾಂಕನ್ನು ಸುಮ್ಮನೆ ಪಟ್ಟಿಯ ಮೇಲೆ ಇಟ್ಟು ನೋಡಿದೆ. ತುಸು ಉರುಳಿತು. ಅಪ್ಪ ಊಟಕ್ಕೆ ಮನೆಗೆ ಹೋಗಿದ್ದ. ಹೇಳಿದರೆ ನೊಂದುಕೊಳ್ಳುತ್ತಾನೆ ಎಂದು ನಾನೇ ಸರಿಮಾಡಿಟ್ಟೆ. ಅಲ್ಲಿಂದ ಅದು ಚಟವಾಯಿತು. ಅಪ್ಪ ಊಟಕ್ಕೆ ಹೋದದ್ದೇ ತಡ, ಅವನ ಕೆಲಸ ತೆಗೆದು ತಪಾಸಣೆ. ಬಹಳಷ್ಟು ಸಲ ಸರಿಯಾಗಿಯೇ ಇರುತ್ತಿತ್ತು. ಆದರೂ ಒಂದೆರಡು ಕಡೆ ಕೈಯಾಡಿಸುತ್ತಿದ್ದೆ. ಅಪ್ಪನ ಮೇಲಿನ ಮಮತೆ ಎಂದು ಹೇಳಿಕೊಳ್ಳುತ್ತಿದ್ದೆ — ಸುಳ್ಳು. ಅಪ್ಪನ ಹೆಸರಿನ ಹಿಂದೆ ಇರುವ ಕೈ ನನ್ನದು ಎಂಬ ಸೊಕ್ಕು ಅದು. ರುಚಿ ಹತ್ತಿತ್ತು.

ಸವಣೂರಿನ ರಿಯಾಜ್ ಮೋಟಾರ್‌ಸೈಕಲ್ ರೇಸಿನವನು. ಹಿರೇಕೆರೂರಿನ ಕಡೆ ಒಂದು ಬೀಳು ಹೊಲದಲ್ಲಿ ನಡೆಯುವ ಮಣ್ಣಿನ ರೇಸಿಗೆಂದು ತನ್ನ ಕ್ರ್ಯಾಂಕನ್ನು ಹಗುರ ಮಾಡಲು ತಂದುಕೊಟ್ಟ. ಅಪ್ಪ ಸವರಿದ, ಕೊರೆದ, ಎಣ್ಣೆ ಒರೆಸಿ ಬಟ್ಟೆಯ ಮೇಲೆ ಇಟ್ಟ. ‘ಸಂಜೀಕ ಬಂದ ಒಯ್ತಾನ ಅಂವಾ’ ಎಂದು ಊಟಕ್ಕೆ ಹೋದ.

ನಾನು ಎಂದಿನಂತೆ ತೆಗೆದೆ. ರಿಯಾಜನ ಗಾಡಿಯ ಗುಂಡು ಗೋಡೆಯ ಮೊಳೆಗೆ ತೂಗುತ್ತಿತ್ತು. ಅದನ್ನು ಕಟ್ಟಿ ಪಟ್ಟಿಯ ಮೇಲೆ ಬಿಟ್ಟೆ. ರಾಡಿನ ಬದಿ ಧಡಕ್ಕನೆ ಕೆಳಗಾಯಿತು. ಇಷ್ಟೊಂದು ತಪ್ಪು ಅಪ್ಪ ಎಂದೂ ಮಾಡಿರಲಿಲ್ಲ. ಅವನು ಕೊರೆದ ತೂತುಗಳೆಲ್ಲ ರಾಡಿನ ಎದುರು ಬದಿಗೆ, ಅಚ್ಚುಕಟ್ಟಾಗಿ ಸಾಲಾಗಿದ್ದವು. ರೇಸಿನ ಗಾಡಿ. ಸಂಜೆಗೆ ಒಯ್ಯುತ್ತಾನೆ. ಅಪ್ಪನನ್ನು ಒಂದು ಮಾತು ಕೇಳಬಹುದಿತ್ತು — ಮನೆ ಏನು ದೂರವೇ? ಕೇಳಿದರೆ ಇಷ್ಟು ದಿನದ ನನ್ನ ಕಳ್ಳ ತಪಾಸಣೆಯೆಲ್ಲ ಹೊರಬೀಳುತ್ತಿತ್ತು. ಕೇಳಲಿಲ್ಲ. ರಾಡಿನ ಬದಿಗೆ ಡ್ರಿಲ್ ಇಟ್ಟು ಒಂದು ತೂತು ಕೊರೆದೆ. ಅಪ್ಪ ಮಾಡುವ ಹಾಗೆಯೇ ಅದರ ಬಾಯಿಯನ್ನು ನುಣುಪು ಮಾಡಿದೆ. ಕ್ರ್ಯಾಂಕ್ ಇಟ್ಟಲ್ಲೇ ನಿಂತಿತು.

ರೇಸು ಮುಗಿದು ಕೆಲವು ದಿನಕ್ಕೆ ರಿಯಾಜ್ ಬಂದ. ಒಂದು ಕೈ ಕೊರಳಿಗೆ ಕಟ್ಟಿಕೊಂಡಿದ್ದ. ಹೆಗಲ ಎಲುಬು ಮುರಿದಿತ್ತು. ಇನ್ನೊಂದು ಕೈಯಲ್ಲಿ ಚೀಲದೊಳಗೆ ಕ್ರ್ಯಾಂಕ್. ಗಾಡಿ ನಡುಗಿ ನಡುಗಿ ಮುಂಗೈ ಜೋಮು ಹಿಡಿದು, ತಿರುವಿನಲ್ಲಿ ಬ್ರೇಕು ಅದುಮಲಾಗದೆ ಬಿದ್ದಿದ್ದ. ಜಗಳಕ್ಕೆ ಬಂದವನಲ್ಲ. ಜಗಳವಾಡಿದ್ದರೆ ಒಳ್ಳೆಯದಿತ್ತು.

‘ಕಾಕಾ, ಸಿಟ್ಟ ಮಾಡ್ಕೋಬ್ಯಾಡ್ರಿ. ನಿಮ್ಮ ಕೈ ಮೊದಲಿನಂಗ ಉಳಿದಿಲ್ಲ. ಹೊಸ ಪಿಸ್ಟನ್ ನಿಮ್ಮ ಕೈಯಾಗ ಕೊಟ್ಟು ತೂಕ ಮಾಡ್ಸಿದ್ದೆ.’

ಹೊಸ ಪಿಸ್ಟನ್. ನಾನು ಮೊಳೆಯ ಕಡೆ ನೋಡಿದೆ. ಅಲ್ಲಿ ತೂಗುತ್ತಿದ್ದದ್ದು ಹಳೆಯದರ ಗುಂಡು, ಭಾರದ್ದು. ಅಂದು ನಾನು ಕಟ್ಟಿದ್ದು ಅದನ್ನೇ.

‘ಹೊಸಾದಕ್ಕ ಹೊಸ ಗುಂಡ ಮಾಡೇನಲ್ಲಪಾ,’ ಎನ್ನುತ್ತ ಅಪ್ಪ ತನ್ನ ಖಾಕಿ ಅಂಗಿಯ ಕಿಸೆಯಿಂದಲೇ ಅದನ್ನು ತೆಗೆದ. ಕಟ್ಟಿ, ಪಟ್ಟಿಯ ಮೇಲೆ ಬಿಟ್ಟ. ಈಗ ಎದುರು ಬದಿ ಕೆಳಗುರುಳಿತು. ಮತ್ತೆ ಬಿಟ್ಟ, ಮತ್ತೆ ಉರುಳಿತು. ಅಪ್ಪ ಕ್ರ್ಯಾಂಕನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳಿನಿಂದ ತೂತುಗಳನ್ನು ಒಂದೊಂದಾಗಿ ಸವರುತ್ತ ಬಂದ. ಕ್ರ್ಯಾಂಕ್ ತಿರುಗಿಸಿದ. ರಾಡಿನ ಬದಿಯ ಆ ಒಂದು ತೂತಿಗೆ ಬಂದು ಬೆರಳು ನಿಂತಿತು. ಈ ಕೆಲಸ ಬಲ್ಲ ಯಾರೂ ಎದುರು ಬದಿಗೆ ಕೊರೆದು, ಮತ್ತೆ ಈ ಬದಿಗೂ ಕೊರೆಯುವುದಿಲ್ಲ.

‘ಇಲ್ಲ್ಯಾಕ ಕೊರದೆ ನಾನು?’

ರಿಯಾಜನನ್ನಲ್ಲ, ನನ್ನನ್ನು ಕೇಳಿದ. ನಿಜ ಹೇಳಲು ಬಾಗಿಲು ತೆರೆದೇ ಇತ್ತು. ‘ನಾನಪ್ಪಾ’ ಎಂದರೆ ಮುಗಿಯುತ್ತಿತ್ತು. ರಿಯಾಜ್ ನೋಡುತ್ತಿದ್ದ, ಅವನ ಕಟ್ಟಿದ ಕೈ ನೋಡುತ್ತಿತ್ತು —

‘ನೀನ ಕೊರದಿ ಅಪ್ಪಾ. ಮರತಿ ನೋಡು.’

‘ಹೌದೇನು?’ ಎಂದ. ಬೆರಳನ್ನು ತೂತಿನಿಂದ ತೆಗೆದು, ‘ಇರಬೇಕು.’

ಅಷ್ಟೇ. ಆ ಎರಡು ಪಟ್ಟಿಗಳನ್ನು ಎತ್ತಿ ನನ್ನ ಕಡೆ ಸರಿಸಿದ. ಮತ್ತೆ ಮುಟ್ಟಲಿಲ್ಲ.

ಕೈ ಹೋಯಿತು ಎಂದುಕೊಂಡಿದ್ದರೆ ಅಪ್ಪ ತಾಳಿಕೊಳ್ಳುತ್ತಿದ್ದ. ನಾನು ಹೇಳಿದ್ದು ತಲೆ ಹೋಯಿತೆಂದು. ಅಂದಿನಿಂದ ಅವನು ತನ್ನನ್ನೇ ನಂಬುವುದನ್ನು ಬಿಟ್ಟ. ಉಂಡು ಕೈ ತೊಳೆದವನು ‘ನಂದು ಊಟ ಆತೇನ?’ ಎಂದು ಅವ್ವನನ್ನು ಕೇಳುತ್ತಿದ್ದ. ಬಂಕಾಪುರಕ್ಕೆ ಒಬ್ಬನೇ ಹೋಗುವುದು ನಿಂತಿತು. ಅವ್ವ ಹುಲಗೂರಿನ ದರ್ಗಾಕ್ಕೆ ಹರಕೆ ಹೊತ್ತಳು. ಹುಬ್ಬಳ್ಳಿಗೆ ಕರೆದೊಯ್ದು ತೋರಿಸಿದೆವು. ಡಾಕ್ಟರು ಏನೇನೋ ಕೇಳಿದರು, ಅಪ್ಪ ಎಲ್ಲಕ್ಕೂ ಸರಿಯಾಗಿಯೇ ಹೇಳಿದ. ಮರೆವಿನ ರೋಗವೇನೂ ಇಲ್ಲ ಎಂದರು. ಬಸ್ಸಿನಲ್ಲಿ ಬರುವಾಗ ಅಪ್ಪ ಅವ್ವನಿಗೆ ಹೇಳಿದ: ‘ಡಾಕ್ಟರಗೇನ ಗೊತ್ತಾಗತೈತಿ? ನಮ್ಮ ಸುಜಾತಾ ಕಣ್ಣಾರೆ ನೋಡ್ಯಾಳ.’ ಮುಂದಿನ ಸೀಟಿನಲ್ಲಿ ಕುಳಿತು ಕಿಟಕಿಯಾಚೆ ನೋಡುತ್ತಿದ್ದ ನಾನು ತಿರುಗಲೂ ಇಲ್ಲ.

ಅಂಗಡಿ ನನ್ನದಾಯಿತು. ‘ಅಕ್ಕನ ಕೈಯಾಗ ಬ್ಯಾಲೆನ್ಸ್ ಮಾಡ್ಸಬೇಕು’ ಎಂದು ಹಾನಗಲ್ಲಿನಿಂದ ಬಂದವರು ಅಪ್ಪನ ಎದುರಿಗೇ ಹೇಳುವರು. ಅವನು ಮೂಲೆಯ ಸ್ಟೂಲಿನ ಮೇಲೆ ಕುಳಿತು ಹೌದೆಂದು ತಲೆಯಾಡಿಸುವನು. ಆ ಹೊಗಳಿಕೆಯನ್ನು ನಾನು ನುಂಗಿದೆ. ಮೊದಮೊದಲು ಚುಚ್ಚುತ್ತಿತ್ತು, ದಿನ ಕಳೆದಂತೆ ಅದೂ ಕಡಿಮೆಯಾಯಿತು.

ಮೊನ್ನೆ ರಟ್ಟೀಹಳ್ಳಿಯಿಂದ ಒಬ್ಬರು ಕ್ರ್ಯಾಂಕ್ ತಂದಿಟ್ಟು ಹೋದರು. ಸವರಿ, ಪಟ್ಟಿಯ ಮೇಲಿಟ್ಟು, ಗುಂಡು ಕಟ್ಟಿ, ಡ್ರಿಲ್ ಚಾಲೂ ಮಾಡಿದ್ದೆ.

‘ಯವ್ವಾ, ಆ ಗುಂಡ ಈ ಗಾಡೀದಲ್ಲ.’

ನೋಡಿದೆ. ಅಲ್ಲ. ಪಕ್ಕದ ಮೊಳೆಯದನ್ನು ತೆಗೆದಿದ್ದೆ. ಮೂಲೆಯಿಂದಲೇ, ಆ ಕಣ್ಣಿನಲ್ಲೇ, ಅಪ್ಪ ಗುರುತು ಹಿಡಿದಿದ್ದ. ನಾನು ಬಾಯಿ ತೆರೆಯುವುದರೊಳಗೆ ತಾನೇ ಹಿಂದೆ ಸರಿದ. ‘ಬಿಡು ಬಿಡು, ನನಗೇನ ತಿಳೀತೈತಿ ಈಗ. ನೀ ಮಾಡು.’

ಡ್ರಿಲ್ ನಿಲ್ಲಿಸಿದೆ. ರಿಯಾಜ್ ಬಿಟ್ಟುಹೋಗಿದ್ದ ಕ್ರ್ಯಾಂಕನ್ನು ಮೇಜಿನ ಅಡಿಯ ಡಬ್ಬಿಯಿಂದ ಹೊರತೆಗೆದೆ. ಎಣ್ಣೆಯಲ್ಲಿ ಮುಳುಗಿಸಿ ಇಟ್ಟಿದ್ದೆ, ತುಕ್ಕು ಹಿಡಿಯದ ಹಾಗೆ. ಯಾಕೆ ಇಟ್ಟಿದ್ದೆನೋ. ಅಪ್ಪನ ತೊಡೆಯ ಮೇಲಿಟ್ಟು, ಅವನ ಹೆಬ್ಬೆರಳನ್ನು ಹಿಡಿದು ಆ ತೂತಿನ ಮೇಲೆ ಇಟ್ಟೆ.

‘ಇದು ನಂದು, ಅಪ್ಪಾ. ನೀ ಕೊರದಿಲ್ಲ. ಹಳೇ ಗುಂಡ ಕಟ್ಟಿ ನಾ ಕೊರದೆ. ಅವತ್ತ ಸುಳ್ಳ ಹೇಳಿದೆ.’

ಅಪ್ಪ ಬಯ್ಯಲಿಲ್ಲ. ಬೆರಳು ಆ ತೂತಿನ ಅಂಚಿನ ಸುತ್ತ ತಿರುಗುತ್ತಲೇ ಇತ್ತು.

‘ಕೊರದಿಲ್ಲಂತ ನನಗ ಗೊತ್ತಿತ್ತು,’ ಎಂದ. ‘ಆದ್ರ ನೀ ಹೇಳಿದಿ. ಮಗಳು ಯಾಕ ಸುಳ್ಳ ಹೇಳ್ತಾಳ ಅಂತ, ನನ್ನ ತಲೀನ ಸುಳ್ಳ ಅಂದ್ಕೊಂಡೆ.’

ಎದ್ದು, ಕ್ರ್ಯಾಂಕನ್ನು ಸ್ಟೂಲಿನ ಮೇಲಿಟ್ಟು, ಯಾರನ್ನೂ ಕೇಳದೆ ಮನೆಯ ಕಡೆ ಒಬ್ಬನೇ ನಡೆದುಹೋದ. ಅಂದಿನಿಂದ ನನ್ನ ಜೊತೆ ಮಾತಿಲ್ಲ. ಊಟವಾಯಿತೇ ಎಂದು ಅವ್ವನನ್ನು ಕೇಳುವುದೂ ಇಲ್ಲ.

ನಾಳೆ ಸವಣೂರಿಗೆ ಹೋಗಿ ರಿಯಾಜನಿಗೆ ಹೇಳಬೇಕು. ಕ್ರ್ಯಾಂಕನ್ನು ಅವನು ತಂದಿದ್ದ ಅದೇ ಚೀಲಕ್ಕೆ ಹಾಕಿಟ್ಟಿದ್ದೇನೆ.