ಹೆಬ್ಬೆರಳು ಒತ್ತಿದ ಗುಳಿ

ಬೆಂಗಳೂರು ಪಕ್ಕದ ವಿಜಯಪುರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ನನ್ನ ಪಕ್ಕ ನಿಲ್ಲುತ್ತಿದ್ದ, ಗೂಡು ಕೊಂಡು ನೂಲು ತೆಗೆಯುವ ರೀಲರ್ ಒಬ್ಬರು, ಗುಳಿ ಬೀಳುತ್ತದೋ ಎಂದು ಗೂಡನ್ನು ಹೆಬ್ಬೆರಳಲ್ಲಿ ಒತ್ತಿ ನೋಡದೆ ಹರಾಜು ಕೂಗುತ್ತಿರಲಿಲ್ಲ. ದಪ್ಪನೆಯ ಆಳು. ಬೆಂಗಳೂರಿನ ಡಾಕ್ಟರು ಅವರ ಸ್ಕ್ಯಾನ್ ನೋಡಿ, "ಲಿವರಿನಲ್ಲಿ ಕೊಬ್ಬು ತುಂಬಿದೆ. ಇಂಥವರ ಹೃದಯವೂ ಸೋಲಬಹುದು. ಕಾಲು ಊದಿದರೆ ಕೂಡಲೇ ಬನ್ನಿ" ಎಂದಿದ್ದರಂತೆ.

ಅದನ್ನು ಅವರು ದಿನಾ ತಮಾಷೆ ಮಾಡಿ ಹೇಳುತ್ತಿದ್ದರು. "ಒಂದು ತೊಟ್ಟು ಕುಡಿಯದೋನು ನಾನು. ಲಿವರ್ ಬಲಗಡೆ, ಹಾರ್ಟು ಎಡಗಡೆ. ಅವೆರಡಕ್ಕೂ ಎಲ್ಲಿಯ ಬೀಗತನ ಗುರು?"

ಒಂದು ಬೆಳಿಗ್ಗೆ ಮಾರುಕಟ್ಟೆಯ ನಾಲ್ಕು ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ ಕೂತರು. ಚಪ್ಪಲಿ ಕೈಯಲ್ಲಿತ್ತು.

"ಚಪ್ಲಿ ಯಾಕೋ ಬಿಗಿ ಆಗೈತೆ ಕಣಪ್ಪಾ."

"ಅಣ್ಣಾ, ಈ ಗೂಡು ಹೆಂಗೈತೆ ನೋಡಾಣ" ಎಂದು ನಾನು ಅವರ ಕಣಕಾಲನ್ನು ಹೆಬ್ಬೆರಳಲ್ಲಿ ಒತ್ತಿದೆ. ಸುತ್ತ ಇದ್ದವರೆಲ್ಲ ನಕ್ಕರು. ಬೆರಳು ತೆಗೆದೆ. ಗುಳಿ ಹಾಗೇ ಉಳಿಯಿತು. ನಗು ನಿಂತಿತು.

ಅವರು ಬಗ್ಗಿ ಗುಳಿಯನ್ನೇ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಊದಿರೋದು ನನ್ ಕಾಲು. ನೀನ್ಯಾಕಪ್ಪಾ ಮುಖ ಊದಿಸ್ಕಂಡೆ?" ಎಂದು ಗದರಿದರು. ಅವರು ಚಪ್ಪಲಿಯನ್ನು ಗೂಡು ತುಂಬಲು ತಂದಿದ್ದ ಖಾಲಿ ಚೀಲಕ್ಕೆ ಹಾಕಿಕೊಂಡು, ನನ್ನ ಭುಜ ಹಿಡಿದು ಎದ್ದರು.

"ಬೆಂಗಳೂರಿನ ಬಸ್ಸು ಎಷ್ಟೊತ್ತಿಗೆ? ಮನೇಲಿ ಕೇಳಿದ್ರೆ, ಶಿಡ್ಲಘಟ್ಟಕ್ಕೆ ಗೂಡು ತರೋಕೆ ಹೋದ ಅನ್ನು."